ನೀರು ಕಮ್ಮಿ ಅಲ್ಲ, ಗಾಳಿ ಕಮ್ಮಿ

ನಮ್ಮ ಕುಡತಿನಿಗೆ ಬಿಸಿ ಹೊಸದಲ್ಲ. ಊರ ಹತ್ತಿರದ ಬೂದಿದಿಬ್ಬ ಹೊಸ ಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಸುಟ್ಟು ಉಳಿಸಿ ಹೋದದ್ದು ಅಂತಾರೆ ಪುರಾತತ್ವದವರು. ಈಗಿನ ಬೂದಿ ಥರ್ಮಲ್‌ದು. 500, 500, 700 ಮೆಗಾವ್ಯಾಟ್‌ನ ಮೂರು ಘಟಕ, ಒಟ್ಟು 1700. ಇಂಥ ಸ್ಥಾವರದಲ್ಲಿ ತಯಾರಾಗೋ ಕರೆಂಟಿಗಿಂತ ಕಂಡೆನ್ಸರ್ ಮೂಲಕ ಹೊರಗೆ ಹೋಗೋ ಶಾಖವೇ ಜಾಸ್ತಿ. ಅಲ್ಲಿ ಕೆಲಸ ಮಾಡೋ ಯಾರನ್ನಾದ್ರೂ ಕೇಳಿ, ಕೂಲಿಂಗ್ ಅನ್ನೋದು ಕೊನೇಗೆ ಅಂಟಿಸೋ ಸಾಮಾನು ಅಂತ ಒಬ್ಬರೂ ಹೇಳಲ್ಲ. ನಮ್ಮ ಕ್ಯಾಂಪಸ್‌ನಲ್ಲಿ ಮಾತ್ರ ಅದು ಯಾವಾಗಲೂ ಕೊನೇ ವಾರದ ಕೆಲಸ.

ಇದನ್ನ ಬರೆಯೋಕೆ ಕಾರಣ ನನ್ನ ರೂಮ್‌ಮೇಟ್. ಅವನಿಗೊಂದು ಹುಚ್ಚು: ಓದು ಮುಗಿಸಿ, ಸಂಬಳ ಬಂದಮೇಲೆ, ಸ್ವಂತ ಕೈಯಾರೆ ಎರಡು ಸೀಟಿನ ವಿಮಾನ ಕಟ್ಟಬೇಕು, ಅದಕ್ಕೆ ಮಜ್ದಾ ಕಾರಿನ ರೋಟರಿ ಎಂಜಿನ್ ಹಾಕಬೇಕು. ನಗಬೇಡಿ. ಮುಂಬೈನ ಅಮೋಲ್ ಯಾದವ್ ಮನೆ ಟೆರೇಸ್ ಮೇಲೆ ಆರು ಸೀಟಿನ ವಿಮಾನ ಕಟ್ಟಿ 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ತಂದಿಟ್ಟಿದ್ದರು. ಮಜ್ದಾದ 13ಬಿ ಎಂಜಿನ್ ಹಾಕಿಕೊಂಡು ಹಾರಿದ ಹವ್ಯಾಸಿಗಳು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. (ರೋಟರಿ ಅಂದ್ರೆ ಮೊದಲನೇ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರ್‌ಗಳೇ ಗಿರಗಿರ ತಿರುಗುತ್ತಿದ್ದ ಎಂಜಿನ್ ಅಲ್ಲ. ಇದು ಫೆಲಿಕ್ಸ್ ವ್ಯಾಂಕೆಲ್‌ದು, ಮುಮ್ಮೂಲೆ ರೋಟರ್‌ದು.) ನನ್ನ ತಕರಾರು ಅವನ ಕನಸಿನ ಬಗ್ಗೆ ಅಲ್ಲ, ಅವನ ನೋಟ್‌ಬುಕ್ ಬಗ್ಗೆ. ನಲವತ್ತು ಪುಟ ಹಾರ್ಸ್‌ಪವರ್, ಗೇರ್ ರಿಡಕ್ಷನ್, ಪ್ರೊಪೆಲ್ಲರ್. ಕೂಲಿಂಗ್‌ಗೆ ಒಂದೇ ಸಾಲು: 'ಕಾರಿನ ರೇಡಿಯೇಟರ್ ಸಾಕು.'

ಸಾಕಾಗಲ್ಲ. ಯಾಕೆ ಅಂತ ಹೇಳ್ತೀನಿ.

ಪಿಸ್ಟನ್ ಎಂಜಿನ್‌ನಲ್ಲಿ ಒಂದೇ ಸಿಲಿಂಡರ್‌ಗೆ ಒಮ್ಮೆ ತಣ್ಣನೆಯ ಮಿಶ್ರಣ ಬರುತ್ತೆ, ಒಮ್ಮೆ ಬೆಂಕಿ. ಗೋಡೆಗೆ ಸ್ವಲ್ಪ ಉಸಿರಾಡೋಕೆ ಬಿಡುವು ಸಿಗುತ್ತೆ. ವ್ಯಾಂಕೆಲ್‌ನಲ್ಲಿ ಹಾಗಿಲ್ಲ. ಒಳಗೆ ಎಳೆಯೋ ಜಾಗ ಯಾವಾಗಲೂ ತಣ್ಣಗೆ, ಸ್ಪಾರ್ಕ್ ಪ್ಲಗ್ ಇರೋ ಕಡೆ ಯಾವಾಗಲೂ ಕೆಂಡ. ಒಂದೇ ಹೌಸಿಂಗ್‌ನ ಒಂದು ಪಕ್ಕೆ ಹಿಗ್ಗುತ್ತೆ, ಇನ್ನೊಂದು ಹಿಗ್ಗಲ್ಲ. ಪ್ಲಗ್ ಹತ್ತಿರ ಕೂಲಂಟ್ ಜೋರಾಗಿ ಹರಿಯದಿದ್ದರೆ ಅಲ್ಲೇ ಕುದಿದು ಹಬೆಯ ಪದರ ಕಟ್ಟುತ್ತೆ. ಹಬೆಗೆ ಶಾಖ ಹೊರೋ ತಾಕತ್ತು ಇಲ್ಲ. ಆಮೇಲೆ ಕೂಲಂಟ್ ತಡೆಯೋ ರಬ್ಬರ್ ಸೀಲ್ ಸುಡುತ್ತೆ, ನೀರು ಒಳಗೆ ಹೋಗುತ್ತೆ, ಕಥೆ ಮುಗೀತು.

ಇನ್ನು ರೋಟರ್. ಅದು ಎಂಜಿನ್ನಿನ ಹೊಟ್ಟೆಯೊಳಗೆ ತಿರುಗ್ತಾ ಇರುತ್ತೆ, ಅಲ್ಲಿಗೆ ನೀರು ಕಳಿಸೋಕೆ ದಾರಿ ಇಲ್ಲ. ಮಜ್ದಾ ಎಂಜಿನ್‌ನಲ್ಲಿ ಶಾಫ್ಟ್ ಒಳಗಿಂದ ಎಣ್ಣೆ ಚಿಮ್ಮಿಸಿ ರೋಟರ್ ತಣ್ಣಗೆ ಮಾಡ್ತಾರೆ. ಹಾಗಾಗಿ ಹೊರಗೆ ಹಾಕಬೇಕಾದ ಶಾಖದಲ್ಲಿ ಮೂರನೇ ಒಂದು ಪಾಲು ಎಣ್ಣೆ ಮೂಲಕವೇ ಹೋಗಬೇಕು ಅನ್ನೋದು ಈ ಎಂಜಿನ್ ಹಾರಿಸೋರ ಅಂದಾಜು. ಆಯಿಲ್ ಕೂಲರ್ ಅಂದ್ರೆ ಬೈಕಿನ ಮುಂದೆ ತೂಗೋ ಚಿಕ್ಕ ಪೆಟ್ಟಿಗೆ ಅಂದುಕೊಂಡಿರೋ ನಮಗೆ ಇದು ಹೊಳೆಯೋದೇ ಇಲ್ಲ.

ಕಾರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತೋದು ಎಷ್ಟು ಸೆಕೆಂಡು? ಹತ್ತು? ವಿಮಾನ ನೆಲ ಬಿಟ್ಟು ಮೇಲೇರುವಾಗ ನಿಮಿಷಗಟ್ಟಲೆ ಪೂರ್ತಿ ಪವರ್, ಅದೂ ವೇಗ ಕಮ್ಮಿ ಇರುವಾಗ. ಬಿಸಿ ಅತಿ ಹೆಚ್ಚು, ಗಾಳಿ ಅತಿ ಕಮ್ಮಿ. ಕಾರಾದ್ರೆ ಬಾನೆಟ್ ಎತ್ತಿ ರಸ್ತೆ ಪಕ್ಕ ನಿಲ್ಲಬಹುದು. ಇನ್ನೂರು ಮೀಟರ್ ಮೇಲೆ ಪಕ್ಕ ಅನ್ನೋದೇ ಇಲ್ಲ.

ಒಂದು ಲೆಕ್ಕ. ಗಂಟೆಗೆ 165 ಕಿ.ಮೀ. ವೇಗದಲ್ಲಿ ಏರ್ತಾ ಇದ್ದರೆ ಎದುರು ಗಾಳಿಯ ಒತ್ತಡ ಸುಮಾರು 1100 ಪಾಸ್ಕಲ್. ಅಂದ್ರೆ ಹನ್ನೊಂದು ಸೆಂಟಿಮೀಟರ್ ನೀರಿನ ಎತ್ತರ, ಅಷ್ಟೇ. ಕುಡಿಯೋ ಲೋಟದಷ್ಟು. ಸುಮಾರು ನೂರು ಕಿಲೋವ್ಯಾಟ್ ಶಾಖ ಹೊತ್ತೊಯ್ಯಬೇಕಾದ ಗಾಳಿಯನ್ನ ರೇಡಿಯೇಟರ್ ಒಳಗೆ ತಳ್ಳೋಕೆ ನಿಮ್ಮ ಹತ್ತಿರ ಇರೋ ಬಂಡವಾಳ ಇದು. ಗಂಟೆಗೆ 300 ಕಿ.ಮೀ. ಆದ್ರೆ ಅದು ಮೂರು ಪಟ್ಟಿಗೂ ಮೇಲೆ ಹೋಗುತ್ತೆ, ಆಗ ಚಿಂತೆ ಇಲ್ಲ. ಚಿಂತೆ ಇರೋದು ಮೊದಲ ಐದು ನಿಮಿಷದ್ದು.

ಅದರ ಮೇಲೆ ನಮ್ಮ ಬಿಸಿಲು. ಕೂಲಂಟ್ 95 ಡಿಗ್ರಿ, ಹೊರಗಿನ ಗಾಳಿ 15 ಡಿಗ್ರಿ ಇದ್ರೆ ವ್ಯತ್ಯಾಸ 80. ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಗಾಳಿ 42 ಇದ್ರೆ ವ್ಯತ್ಯಾಸ 53. ಅದೇ ರೇಡಿಯೇಟರ್, ಅದೇ ಗಾಳಿ, ಕೆಲಸ ಮಾತ್ರ ಮೂರನೇ ಎರಡು ಭಾಗ. ಬಿಸಿ ಗಾಳಿ ತೆಳು ಕೂಡ, ಶೇಕಡಾ 8ರಿಂದ 9ರಷ್ಟು. ನ್ಯಾಯವಾಗಿ ಹೇಳಬೇಕಂದ್ರೆ ತೆಳು ಗಾಳಿಯಲ್ಲಿ ಎಂಜಿನ್ ಪವರೂ ಸ್ವಲ್ಪ ಇಳಿಯುತ್ತೆ, ಶಾಖವೂ ಇಳಿಯುತ್ತೆ, ಆದರೆ ಮೂರನೇ ಒಂದು ಭಾಗದಷ್ಟೇನಲ್ಲ. ತಂಪು ದೇಶದವರ ವಿಡಿಯೊ ನೋಡಿ ರೇಡಿಯೇಟರ್ ಆರಿಸಿದ್ರೆ ತೋರಣಗಲ್ಲಿನ ರನ್‌ವೇ ದಾಟೋದ್ರೊಳಗೆ ಉತ್ತರ ಸಿಗುತ್ತೆ.

'ಹಂಗಾದ್ರೆ ಮುಂದಿನ ತೂತು ದೊಡ್ಡದು ಮಾಡೋಣ' ಅಂದ ರೂಮ್‌ಮೇಟ್. ಈ ತಪ್ಪು ನಾವು ಈಗಾಗಲೇ ಮಾಡಿದ್ದೀವಿ, ಮರೆತುಬಿಟ್ಟಿದ್ದಾನೆ. ಹೋದ ವರ್ಷದ ಫೆಸ್ಟ್‌ಗೆ ನಮ್ಮ ತಂಡ ಮಾಡಿದ ಪೆಟ್ರೋಲ್ ಮಾಡೆಲ್ ವಿಮಾನ ನೆನಪಿದೆಯಲ್ಲ? ಚೆಂದ ಕಾಣಲಿ ಅಂತ ಎಂಜಿನ್‌ಗೆ ಫೈಬರ್ ಮುಸುಕು ಹಾಕಿದ್ವಿ. ಬಿಸಿ ಆಯ್ತು. ಮುಂದೆ ತೂತು ದೊಡ್ಡದು ಮಾಡಿದ್ವಿ, ಇನ್ನೂ ಬಿಸಿ ಆಯ್ತು. ಪ್ರದರ್ಶನದ ದಿನ ಎಲ್ಲರ ಮುಂದೆ ಎಂಜಿನ್ ಕಚ್ಚಿಕೊಂಡಿತು. ದುಡ್ಡು ಹಾಕಿದ್ದು ಏಳು ಜನ, ಎಂಜಿನ್ ಹೋಗಿದ್ದು ನನ್ನ ತಪ್ಪಿಗೆ, ಮುಸುಕು ಅಚ್ಚು ಮಾಡಿದವನು ನಾನೇ.

ರಜೆಗೆ ಊರಿಗೆ ಹೋದಾಗ ಆ ಮುಸುಕು ನಮ್ಮ ಮಾವನ ಅಂಗಡೀಲಿ ಇಟ್ಟೆ. ಮಾವ ರೇಡಿಯೇಟರ್ ರಿಪೇರಿ ಮಾಡ್ತಾರೆ. ಸಿರುಗುಪ್ಪ ಕಡೆ ಭತ್ತದ ಸುಗ್ಗಿ ಬಂದ್ರೆ ಹಾರ್ವೆಸ್ಟರ್‌ಗಳ ರೇಡಿಯೇಟರ್ ಹೊಟ್ಟು, ಧೂಳು ತುಂಬಿ ಬರ್ತಾವೆ. ಮಾವ ಮುಸುಕನ್ನ ಹಿಂದೆ ಮುಂದೆ ತಿರುಗಿಸಿ ನೋಡಿದ್ರು. 'ಗಾಳಿ ಬರಾಕ ಬಾಗ್ಲ ಮಾಡೀಯಪ್ಪ, ಹೋಗಾಕ ಎಲ್ಲೈತಿ?' ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, 'ನಮ್ಮತ್ರ ಬರೋರೂ ಹಿಂಗ. ನೀರು ಕಮ್ಮಿ ಆಗೈತಿ ಅಂತ ಬರ್ತಾರ. ನೋಡಿದ್ರ ನೀರು ಕಮ್ಮಿ ಅಲ್ಲ, ಗಾಳಿ ಕಮ್ಮಿ.'

ನಾಲ್ಕು ಸೆಮಿಸ್ಟರ್ ಫ್ಲೂಯಿಡ್ಸ್, ಥರ್ಮಲ್ ಓದಿದವನಿಗೆ ಇದು ತಲೆಗೆ ಹೊಳೆದಿರಲಿಲ್ಲ ಅಂತ ನಾಚಿಕೆ ಆಯ್ತು. ಬರ್ನೂಲಿ ನನಗೆ ಗೊತ್ತು, ಐದು ಮಾರ್ಕಿಗೆ ಬರೆದಿದ್ದೀನಿ. ಒಳಬಾಗಿಲು ಚಿಕ್ಕದಿರಬೇಕು, ರೇಡಿಯೇಟರ್ ಮುಖದ ಮೂರನೇ ಒಂದು ಭಾಗ ಇದ್ರೂ ನಡೆಯುತ್ತೆ. ಅಲ್ಲಿಂದ ನಾಳ ನಿಧಾನಕ್ಕೆ ಅಗಲ ಆಗ್ತಾ ಗಾಳಿಯ ವೇಗ ಇಳಿದು ಒತ್ತಡ ಏರಬೇಕು. ಥಟ್ ಅಂತ ಅಗಲ ಮಾಡಿದ್ರೆ ಗಾಳಿ ಗೋಡೆ ಬಿಟ್ಟು ಸುಳಿ ಸುತ್ತುತ್ತೆ. ರೇಡಿಯೇಟರ್ ಸುತ್ತ ಬೆರಳು ತೂರುವಷ್ಟು ಸಂದಿ ಇದ್ರೆ ಗಾಳಿ ಜಾಣ, ಅದೇ ಸಂದೀಲಿ ಓಡಿಹೋಗುತ್ತೆ. ಹೊರಬಾಗಿಲು ಒತ್ತಡ ಕಮ್ಮಿ ಇರೋ ಜಾಗದಲ್ಲಿ ಇರಬೇಕು, ಏರುವಾಗ ತೆರೆದು ಆಮೇಲೆ ಮುಚ್ಚೋ ಹಾಗೆ ಇದ್ರೆ ಇನ್ನೂ ಒಳ್ಳೇದು. ಇಂಗ್ಲೆಂಡಿನ ಮೆರೆಡಿತ್ 1930ರ ದಶಕದಲ್ಲೇ ತೋರಿಸಿದ್ದು ಇದರ ಮುಂದಿನ ಹೆಜ್ಜೆ: ನಾಳ ಸರಿಯಾಗಿದ್ರೆ ಬಿಸಿಯಾಗಿ ಹೊರಬರೋ ಗಾಳಿ ರೇಡಿಯೇಟರ್‌ನ ಎಳೆತದಲ್ಲಿ ಒಂದು ಪಾಲು ವಾಪಸ್ ಕೊಡುತ್ತೆ. ಮಸ್ಟಾಂಗ್ ವಿಮಾನದ ಹೊಟ್ಟೆ ಕೆಳಗಿನ ಚೀಲದಂಥ ಭಾಗ ಅದಕ್ಕೇ ಇರೋದು.

ಹುಡುಗರು ಹೇಳೋದು ಕೇಳಿದ್ದೀನಿ: ವ್ಯಾಂಕೆಲ್ ಸತ್ತುಹೋದ ಎಂಜಿನ್, ಇದೆಲ್ಲ ಯಾಕೆ? ಸತ್ತಿಲ್ಲ. 2023ರಲ್ಲಿ ಮಜ್ದಾ ಒಂದೇ ರೋಟರ್ ಎಂಜಿನ್ನನ್ನ ಬ್ಯಾಟರಿ ಚಾರ್ಜ್ ಮಾಡೋ ಜನರೇಟರ್ ಆಗಿ ಕಾರಿಗೆ ಹಾಕಿದೆ. ಅದಕ್ಕಿಂತ ನಮಗೆ ಹತ್ತಿರದ್ದು ಇನ್ನೊಂದು. ಬೆಂಗಳೂರಿನ ಎನ್‌ಎಎಲ್, ಎಡಿಇ ಮತ್ತು ಅಹ್ಮದ್‌ನಗರದ ವಿಆರ್‌ಡಿಇ ಸೇರಿ ನಿಶಾಂತ್ ಡ್ರೋನ್‌ಗೆ 55 ಅಶ್ವಶಕ್ತಿಯ ದೇಶೀ ವ್ಯಾಂಕೆಲ್ ಎಂಜಿನ್ ಮಾಡಿದ್ರು. ತೂಕ ಸುಮಾರು 30 ಕಿಲೋ. ಹೌಸಿಂಗ್ ಒಳಗೋಡೆಗೆ ನಿಕಲ್, ಸಿಲಿಕಾನ್ ಕಾರ್ಬೈಡ್ ಲೇಪನ ಬೆಂಗಳೂರಿನಲ್ಲೇ ಅಭಿವೃದ್ಧಿ ಮಾಡಿದ್ದು. 2009ರ ಏಪ್ರಿಲ್‌ನಲ್ಲಿ ಅದು ಸುಮಾರು 40 ನಿಮಿಷ ಹಾರಿತು. ನಮ್ಮ ವಿಭಾಗದಲ್ಲಿ ನಾನು ಕೇಳಿದ ಹನ್ನೊಂದು ಜನರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಲೆ ಮಾನ್ಸ್ ಗೆದ್ದ 787ಬಿ ಕಾರಿನ ಸದ್ದು ಮಾತ್ರ ಎಲ್ಲರ ರಿಂಗ್‌ಟೋನು.

ಬ್ಯಾಟರಿ ಹಾಕಿದ್ರೆ ತಾಪತ್ರಯ ಇಲ್ಲ ಅನ್ನೋರೂ ಇದ್ದಾರೆ. ಬ್ಯಾಟರಿಯೂ ಬಿಸಿ ಆಗುತ್ತೆ, ಮೋಟಾರ್ ಕಂಟ್ರೋಲರೂ ಆಗುತ್ತೆ. ಬಿಸಿಗೆ ಬ್ರ್ಯಾಂಚ್ ಭೇದ ಇಲ್ಲ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಪ್ರಾಜೆಕ್ಟಿನ ಮೊದಲ ರಿವ್ಯೂನಲ್ಲೇ 'ಬಿಸಿ ಎಲ್ಲಿಗೆ ಹೋಗುತ್ತೆ?' ಅಂತ ಕೇಳಲಿ, ಉತ್ತರಕ್ಕೆ ಮಾರ್ಕ್ ಇರಲಿ. ಈ ಸಲ ನಾನು ನಾಳದ ಮೇಲೆ ಪ್ರಾಜೆಕ್ಟ್ ಕೊಟ್ಟಾಗ 'ಇದರಲ್ಲಿ ಎಂಜಿನಿಯರಿಂಗ್ ಏನಿದೆ, ತಗಡು ಬಗ್ಗಿಸೋದು ತಾನೆ' ಅಂತ ವಾಪಸ್ ಬಂತು. ಸಿಮ್ಯುಲೇಷನ್ ಬಣ್ಣದ ಚಿತ್ರ ಇದ್ದಿದ್ರೆ ಪಾಸಾಗ್ತಿತ್ತೇನೋ. ಸಿಮ್ಯುಲೇಷನ್ ಬೇಡ ಅಂತಿಲ್ಲ. ಆದರೆ ಗಾರೆ ಕೆಲಸದವರು ಮಟ್ಟ ನೋಡೋ ನೀರಿನ ಪೈಪ್ ಇದೆಯಲ್ಲ, ಅದರ ಒಂದು ತುದಿ ರೇಡಿಯೇಟರ್ ಮುಂದೆ, ಇನ್ನೊಂದು ಹಿಂದೆ ಇಟ್ಟರೆ ಆ ಹನ್ನೊಂದು ಸೆಂಟಿಮೀಟರ್‌ನಲ್ಲಿ ಎಷ್ಟು ಕೆಲಸಕ್ಕೆ ಬಂತು, ಎಷ್ಟು ಸಂದೀಲಿ ಸೋರಿತು ಅಂತ ಕಣ್ಣಿಗೇ ಕಾಣುತ್ತೆ. ಖರ್ಚು ನೂರು ರೂಪಾಯಿ ಒಳಗೆ.

ರೂಮ್‌ಮೇಟ್ ಈಗ ನೋಟ್‌ಬುಕ್‌ನಲ್ಲಿ ಆ ಒಂದು ಸಾಲು ಹೊಡೆದು ಹಾಕಿದ್ದಾನೆ, ಬದಲಿಗೆ ಏನೂ ಬರೆದಿಲ್ಲ. ಶನಿವಾರ ಮಧ್ಯಾಹ್ನ ವರ್ಕ್‌ಶಾಪ್ ಹಿಂದೆ ಹಳೇ ರೇಡಿಯೇಟರ್, ದೊಡ್ಡ ಪೆಡೆಸ್ಟಲ್ ಫ್ಯಾನ್, ರಟ್ಟಿನ ನಾಳ ಇಟ್ಟುಕೊಂಡು ಕೂತಿರ್ತೀವಿ. ಪೈಪ್ ನಾನು ತರ್ತೀನಿ. ಸೆಲೋ ಟೇಪ್ ಯಾರಾದ್ರೂ ತನ್ನಿ, ಸಂದಿ ಬಹಳ ಇವೆ.