ಬರಹ ಯಾರಿಗಾಗಿ? ಯಂತ್ರಕ್ಕೋ, ಮನುಷ್ಯನಿಗೋ?

ಬೆಂಗಳೂರಿನ ಸುಬ್ರಹ್ಮಣ್ಯಪುರದಿಂದ ಕನಕಪುರ ರಸ್ತೆಗೆ ಬಂದವರಿಗೆ ಕೋಣನಕುಂಟೆ ಕ್ರಾಸ್ ಮೆಟ್ರೋ ನಿಲ್ದಾಣವು ಕಾಣಸಿಗುತ್ತದೆ. ಅಲ್ಲಿಂದ ರೇಷ್ಮೆ ಸಂಸ್ಥೆಯವರೆಗೆ 2021ರಲ್ಲಿ ತೆರೆದ ನಿಲ್ದಾಣಗಳು ಐದು. ಹೆಸರುಗಳು ಬೇರೆ ಬೇರೆಯಾದರೂ ನಾಮಫಲಕದ ಮಾದರಿ ಒಂದೇ. ಈ ಐದು ಫಲಕಗಳನ್ನು ಜಾಲಪುಟವೊಂದರಲ್ಲಿ ತೋರಿಸಬೇಕೆಂದು ವಿದ್ಯಾರ್ಥಿಯೊಬ್ಬನು ಬಯಸಿದನೆನ್ನೋಣ. ಫಲಕವನ್ನು ಐದು ಸಲ ರಚಿಸಬೇಕಾಗಿಲ್ಲ. ಮಾದರಿಯನ್ನು ಒಮ್ಮೆ ರಚಿಸಿ, ಹೆಸರನ್ನು ಮಾತ್ರ ಬದಲಿಸಿದರಾಯಿತು. ಇಂತಹ ಮಾದರಿಗೆ ‘ಘಟಕ’ವೆಂದು ಹೆಸರು.

ಫೇಸ್‌ಬುಕ್ ಸಂಸ್ಥೆಯು 2013ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ‘ರಿಯಾಕ್ಟ್’ ಎಂಬ ಸಾಧನದೊಡನೆ ‘ಜೆಎಸ್‌ಎಕ್ಸ್’ ಎಂಬ ಬರವಣಿಗೆಯ ಕ್ರಮವೂ ಬಂದಿತು. ಅದರಲ್ಲಿ ಘಟಕವನ್ನು ಹೀಗೆ ಬರೆಯಬಹುದು:

<ನಿಲ್ದಾಣ ಹೆಸರು="ದೊಡ್ಡಕಲ್ಲಸಂದ್ರ" />

ನೋಡಲು ಇದು ಎಚ್‌ಟಿಎಂಎಲ್‌ನ ಟ್ಯಾಗಿನಂತಿದೆ. ಆದರೆ ಇರುವುದು ಜಾವಾಸ್ಕ್ರಿಪ್ಟಿನ ನಡುವೆ. ಬ್ರೌಸರಿಗೆ ಇದು ನೇರವಾಗಿ ಅರ್ಥವಾಗದು. ‘ಬೇಬಲ್’ನಂತಹ ಪರಿವರ್ತಕವು ಇದನ್ನು ಮೊದಲೇ ಫಂಕ್ಷನ್ ಒಂದರ ಕರೆಯನ್ನಾಗಿ ಮಾರ್ಪಡಿಸುತ್ತದೆ. ಆ ಕರೆಯನ್ನು ನಾವೇ ಬರೆಯಲಾಗದೆ? ಬರೆಯಬಹುದು. ಆದರೆ ಫಲಕದೊಳಗೆ ಶೀರ್ಷಿಕೆ, ಅದರೊಳಗೆ ಚಿತ್ರ ಎಂದು ಪದರಗಳು ಹೆಚ್ಚಿದಂತೆ ಆವರಣಚಿಹ್ನೆಗಳನ್ನು ಎಣಿಸುವುದೇ ಕೆಲಸವಾಗುತ್ತದೆ. ಟ್ಯಾಗಿನ ಕ್ರಮದಲ್ಲಿಯಾದರೆ ಯಾವುದು ಯಾವುದರ ಒಳಗಿದೆಯೆಂಬುದು ಕಣ್ಣಿಗೇ ತಿಳಿಯುತ್ತದೆ.

ರಚನೆ, ಅಲಂಕಾರ, ವರ್ತನೆ ಈ ಮೂರನ್ನೂ ಪ್ರತ್ಯೇಕವಾಗಿಡಬೇಕೆಂಬ ಹಿಂದಿನ ಪಾಠಕ್ಕೆ ಇದು ವಿರುದ್ಧವೆಂದು ಆಕ್ಷೇಪಿಸುವವರುಂಟು. ಆಕ್ಷೇಪವು ನಿರಾಧಾರವಲ್ಲ; ಎಲ್ಲವನ್ನೂ ಒಂದೆಡೆ ಸುರಿದರೆ ಗೊಂದಲವೇ ಫಲ. ಆದರೆ ಫಲಕದ ರೂಪವೂ ಅದರಲ್ಲಿ ಯಾವ ಹೆಸರು ಬರಬೇಕೆಂಬ ನಿಯಮವೂ ಸಾಮಾನ್ಯವಾಗಿ ಜೊತೆಯಾಗಿಯೇ ಬದಲಾಗುತ್ತವೆ. ಜೊತೆಯಾಗಿ ಬದಲಾಗುವುವು ಜೊತೆಯಾಗಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಮೇಲಿನ ಉದಾಹರಣೆಯಲ್ಲಿ ಕನ್ನಡದ ಹೆಸರನ್ನು ಬಳಸಿದ್ದು ಅಲಂಕಾರಕ್ಕಲ್ಲ. ಟ್ಯಾಗಿನ ಹೆಸರು ಇಂಗ್ಲಿಷಿನ ಸಣ್ಣಕ್ಷರದಿಂದ ಮೊದಲಾದರೆ ಪರಿವರ್ತಕವು ಅದನ್ನು ಎಚ್‌ಟಿಎಂಎಲ್‌ನ ಟ್ಯಾಗೆಂದು ಎಣಿಸುತ್ತದೆ. ದೊಡ್ಡಕ್ಷರದಿಂದ ಮೊದಲಾದರೆ ನಾವು ರಚಿಸಿದ ಘಟಕವೆಂದು ತಿಳಿಯುತ್ತದೆ. ಕನ್ನಡದಲ್ಲಿ ಇಂತಹ ಭೇದವಿಲ್ಲ. ಹೀಗಾಗಿ ‘ನಿಲ್ದಾಣ’ವು ಸಣ್ಣಕ್ಷರದ ನಿಯಮಕ್ಕೆ ಸಿಲುಕದೆ ಘಟಕವೆಂದೇ ಪರಿಗಣಿತವಾಗುತ್ತದೆ. ಜಾವಾಸ್ಕ್ರಿಪ್ಟು ಕನ್ನಡ ಲಿಪಿಯ ಹೆಸರುಗಳನ್ನು ಒಪ್ಪುತ್ತದೆ. ಯಂತ್ರಕ್ಕೆ ಹೆಸರಿನ ಹಂಗಿಲ್ಲ, ಹೆಸರು ಓದುವವನಿಗಾಗಿ. ಉದ್ಯೋಗದಲ್ಲಿ ಇಂಗ್ಲಿಷ್ ಹೆಸರುಗಳು ಅನಿವಾರ್ಯವಾಗಬಹುದು. ಕಲಿಯುವಾಗ ತಾಯ್ನುಡಿಯ ಹೆಸರಿಗೆ ಅಡ್ಡಿಯೇನು?

ಆದರೆ ತರುಣ ವಾಚಕರಿಗೆ ಒಂದು ಮಾತು. ಸುಲಭವಾದ ಬರಹವು ತಿಳಿವಳಿಕೆಗೆ ಬದಲಿಯಾಗಲಾರದು. ಟ್ಯಾಗುಗಳನ್ನು ಬಾಯಿಪಾಠ ಮಾಡಿದವನು ದೋಷವೊಂದು ತೋರಿದೊಡನೆ ದಿಕ್ಕುಗೆಡುತ್ತಾನೆ. ಒಂದೆರಡು ಘಟಕಗಳನ್ನಾದರೂ ಟ್ಯಾಗಿನ ಸಹಾಯವಿಲ್ಲದೆ, ಫಂಕ್ಷನ್ನಿನ ಕರೆಗಳಾಗಿಯೇ ನಿಮ್ಮ ಕೈಯಿಂದ ಬರೆದು ನೋಡಿ. ಅನಂತರ ಟ್ಯಾಗನ್ನು ಬಳಸಿದರೆ ಅದು ಮಂತ್ರವಾಗಿ ತೋರದು, ನೀವು ಅರಿತ ಸಂಗತಿಯ ಸಂಕ್ಷೇಪವಾಗಿ ತೋರುವುದು.