ಎರಡೂ ಕಾಲು ಕೆಂಪಾದಾಗ

ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತ ಕಾಲುಗಳು ನನ್ನವು. ಕುಳಿತು ಪಾಠ ಮಾಡುವುದು ನನಗೆಂದೂ ಒಗ್ಗಲಿಲ್ಲವೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬಲ್ಲರು. ಕಳೆದ ಮಳೆಗಾಲದಲ್ಲಿ ಎರಡೂ ಮೀನಖಂಡಗಳ ಕೆಳಭಾಗ ಕೆಂಪಾಗಿ ಊದಿಕೊಂಡು, ವಿಪರೀತ ತುರಿಸತೊಡಗಿತು. ಜ್ವರವಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದೊಡನೆ ‘ಸೆಲ್ಯುಲೈಟಿಸ್’, ಅಂದರೆ ಚರ್ಮದ ಆಳಕ್ಕಿಳಿದ ಬ್ಯಾಕ್ಟೀರಿಯಾ ಸೋಂಕು, ಎಂದು ಬರೆದು ದಾಖಲಿಸಿಕೊಂಡರು. ಐದು ದಿನ ರಕ್ತನಾಳದ ಮೂಲಕ ಆಂಟಿಬಯೋಟಿಕ್. ಹೊಟ್ಟೆ ಕೆಟ್ಟಿತು. ಮಲಗಿಯೇ ಇದ್ದುದರಿಂದ ಊತ ಕೊಂಚ ಇಳಿಯಿತು. ಅದನ್ನು ಔಷಧದ ಗುಣವೆಂದೇ ಎಲ್ಲರೂ ನಂಬಿದೆವು. ಎದ್ದು ಓಡಾಡಿದೆ, ಮತ್ತೆ ಅದೇ ಕೆಂಪು.

ಆರನೆಯ ದಿನ ಬಂದ ಚರ್ಮವೈದ್ಯೆ ಮೊದಲು ಕೇಳಿದ್ದು, “ಏನು ಕೆಲಸದಲ್ಲಿದ್ರಿ, ಸಾರ್?” ಬಳಿಕ ನನ್ನ ಕಾಲನ್ನು ಮೇಲೆತ್ತಿ ಹಿಡಿಸಿದರು. ಕೆಲವೇ ನಿಮಿಷಗಳಲ್ಲಿ ಕೆಂಪು ತಿಳಿಯಾಯಿತು. ರಕ್ತನಾಳಗಳ ಕವಾಟಗಳು ದುರ್ಬಲಗೊಂಡು, ರಕ್ತ ಸರಿಯಾಗಿ ಮೇಲೇರದೆ ಕಾಲಿನಲ್ಲೇ ತಂಗಿ ಚರ್ಮ ಕೆರಳುವ ‘ಸ್ಟೇಸಿಸ್ ಡರ್ಮಟೈಟಿಸ್’ ಅದು, ಸೋಂಕಲ್ಲ. ಸೆಲ್ಯುಲೈಟಿಸ್ ಎರಡೂ ಕಾಲಿಗೆ ಏಕಕಾಲದಲ್ಲಿ ಬರುವುದು ಬಲು ಅಪರೂಪವಂತೆ.

ಮೊದಲು ನೋಡಿದ ತರುಣ ವೈದ್ಯರನ್ನು ದೂರಲು ನನಗೆ ಮನಸ್ಸಿಲ್ಲ. ನಿಜವಾದ ಸೆಲ್ಯುಲೈಟಿಸನ್ನು, ಅದರಲ್ಲೂ ಮಧುಮೇಹಿಗಳಲ್ಲಿ, ಅಲಕ್ಷಿಸಿದರೆ ಪ್ರಾಣಕ್ಕೇ ಸಂಚಕಾರ. ಅದನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆಯೂ ಇಲ್ಲ. ಕಣ್ಣೂ ಕೈಯೂ ಪ್ರಶ್ನೆಯೂ ಸೇರಿಯೇ ನಿರ್ಣಯವಾಗಬೇಕು. ಅಮೆರಿಕದ ‘ಜಾಮಾ ಡರ್ಮಟಾಲಜಿ’ ಪತ್ರಿಕೆಯಲ್ಲಿ 2017ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ, ಕಾಲಿನ ಸೆಲ್ಯುಲೈಟಿಸ್ ಎಂದು ದಾಖಲಾಗಿದ್ದ 259 ಮಂದಿಯ ಪೈಕಿ 79 ಮಂದಿಗೆ ಇದ್ದುದು ಬೇರೆಯೇ ತೊಂದರೆ.

ನನ್ನ ಆಕ್ಷೇಪ ವ್ಯವಸ್ಥೆಯ ಮೇಲೆ. ಚರ್ಮವೈದ್ಯೆ ಕುಳಿತಿದ್ದುದು ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿ. ಮೊದಲ ದಿನವೇ ಕರೆದಿದ್ದರೆ ಐದು ದಿನಗಳ ಬಿಲ್ಲೂ ಬೇಡವಾದ ಔಷಧವೂ ತಪ್ಪುತ್ತಿದ್ದವು. ಹೀಗೆ ವ್ಯರ್ಥವಾಗಿ ಸುರಿದ ಆಂಟಿಬಯೋಟಿಕ್‌ಗಳಿಗೆ ಬ್ಯಾಕ್ಟೀರಿಯಾಗಳು ಒಗ್ಗಿಹೋದರೆ, ನಿಜವಾಗಿ ಬೇಕಾದವರಿಗೆ ಅವು ನಾಟುವುದಿಲ್ಲ. ಚರ್ಮದ ಸೋಂಕೆಂದು ಯಾರನ್ನೇ ದಾಖಲಿಸಿದರೂ ಮರುದಿನದೊಳಗೆ ಚರ್ಮತಜ್ಞರು ನೋಡಲೇಬೇಕೆಂಬ ನಿಯಮವಿರಲಿ. ಮೊದಲ ಸಾಲು ಓದಿಯೇ ಉತ್ತರಪತ್ರಿಕೆಗೆ ಅಂಕ ಹಾಕಿದ್ದೂ ಉಂಟು ನಾನು. ಎರಡನೆಯ ಮೌಲ್ಯಮಾಪಕರ ಬೆಲೆ ನನಗೆ ಗೊತ್ತು.

ಪಾದದ ನಾಡಿ ಪರೀಕ್ಷಿಸಿದ ಮೇಲೆ ಆಕೆ ಬಿಗಿಯಾದ ಕಾಲುಚೀಲ ಬರೆದುಕೊಟ್ಟರು. ಬೆಳಗ್ಗೆ ಹಾಸಿಗೆಯಿಂದಿಳಿಯುವ ಮುನ್ನವೇ ತೊಡಬೇಕು. ನಾನು ಅದನ್ನು ಏರಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆಂಬುದು ನಮ್ಮ ಮನೆಯಾಕೆಯ ದೂರು.