ರಷ್ಯನ್ ಕಲಿಕೆ: ಮೊದಲು ಸಂಬೋಧನೆ, ಅನಂತರ ಬೆಲೆ

ಚನ್ನಪಟ್ಟಣದ ಬೊಂಬೆಯಂತೆಯೇ ರಷ್ಯದ ಮಾತ್ರ್ಯೋಷ್ಕಾ ಬೊಂಬೆಯೂ ಲೇತ್ ಯಂತ್ರದಲ್ಲಿ ತಿರುಗುವ ಮರದಿಂದ ಮೂಡುವಂಥದು. ಕುಶಲಕರ್ಮಕ್ಕೆ ಬೆಲೆ ಕೊಡುವ ಆ ದೇಶದ ಖರೀದಿದಾರರೊಡನೆ ವ್ಯವಹರಿಸಲು ರಷ್ಯನ್ ಕಲಿಯುವ ನಮ್ಮ ಭಾಗದ ವರ್ತಕರು ಹಾಗೂ ಸಣ್ಣ ಉತ್ಪಾದಕರು ಬೆಲೆ, ಪ್ರಮಾಣಗಳ ಪದಗಳಿಗಿಂತ ಮೊದಲು ಸಂಬೋಧನೆಯ ಕ್ರಮವನ್ನು ಅರಿಯಬೇಕೆಂಬುದು ನನ್ನ ಅಭಿಪ್ರಾಯ.

ಇದರಲ್ಲಿ ಕನ್ನಡಿಗರಿಗೆ ಅನುಕೂಲವೇ ಇದೆ. ನಮ್ಮ 'ನೀನು', 'ನೀವು'ಗಳಂತೆ ಅಲ್ಲಿಯೂ 'ತಿ', 'ವಿ' ಎಂಬ ಎರಡು ರೂಪಗಳಿವೆ. ಹೊಸ ಗ್ರಾಹಕರಿಗೆ 'ವಿ' ಎಂದೇ ಹೇಳಬೇಕು. ಅವರಾಗಿಯೇ ಸೂಚಿಸುವವರೆಗೆ 'ತಿ'ಗೆ ಇಳಿಯಬಾರದು. 'ಪ್ರಿವ್ಯೆತ್' ಎಂಬ ವಂದನೆಯೂ ಆಪ್ತರಿಗೆ ಮಾತ್ರ, ಉಳಿದವರಿಗೆ 'ಜ್ದ್ರಾಸ್ತ್ವುಯ್ತ್ಯೆ'.

ಹೆಸರಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ನಾವು ಹೆಸರಿಗೆ 'ಅವರೇ' ಸೇರಿಸಿದಂತೆ, ಅವರು ತಂದೆಯ ಹೆಸರಿನಿಂದಾದ ರೂಪವನ್ನು ಸೇರಿಸಿ ಗೌರವಿಸುತ್ತಾರೆ. ಪ್ಯೋತರ್ ಎಂಬುವರ ಮಗ 'ಇವಾನ್ ಪೆತ್ರೋವಿಚ್', ಮಗಳು 'ಅನ್ನಾ ಪೆತ್ರೋವ್ನಾ'. ಹಿರಿಯರಿಗೆ ಬರೆಯುವ ಮೊದಲ ಪತ್ರದಲ್ಲೇ ಬರಿಯ 'ಇವಾನ್' ಎಂದರೆ ಸಲುಗೆ ಮೀರಿದಂತಾದೀತು. ಕಿರಿಯರಲ್ಲಿ ಹೆಸರು ಮತ್ತು 'ವಿ' ಸಾಕಾಗುವುದೂ ಉಂಟು. ಅವರು ತಮ್ಮ ಪತ್ರಕ್ಕೆ ಸಹಿ ಮಾಡುವ ರೀತಿಯನ್ನೇ ಅನುಸರಿಸುವುದು ಕ್ಷೇಮ.

ಭೇಟಿಯಾದಾಗ ಹೊಸ್ತಿಲ ಮೇಲಿಂದ ಕೈಕುಲುಕಬಾರದು. ಹೂ ನೀಡುವುದಾದರೆ ಬೆಸಸಂಖ್ಯೆಯಲ್ಲಿರಲಿ. ಸಮಸಂಖ್ಯೆ ಶವಸಂಸ್ಕಾರಕ್ಕೆ ಮೀಸಲು. ಅಪರಿಚಿತರ ಮುಖದಲ್ಲಿ ನಗುವಿಲ್ಲವೆಂದು ಸರಕು ಒಪ್ಪಿಗೆಯಾಗಲಿಲ್ಲವೆಂದು ಭಾವಿಸಬೇಕಿಲ್ಲ.

ಮರ್ಯಾದೆಯು ಕರಾರುಪತ್ರಕ್ಕೆ ಬದಲಿಯಲ್ಲ, ನಿಜ. 2022ರ ನಂತರದ ಪಾಶ್ಚಾತ್ಯ ನಿರ್ಬಂಧಗಳಿಂದಾಗಿ ಹಣ ಯಾವ ಬ್ಯಾಂಕಿನ ಮೂಲಕ ಬರುವುದೆಂಬುದನ್ನು ಸರಕು ಕಳುಹಿಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಂತಹ ನಿಷ್ಠುರದ ಪ್ರಶ್ನೆಯನ್ನು ಮುನಿಸಿಗೆ ಎಡೆಯಿಲ್ಲದಂತೆ ಕೇಳಲು ಸರಿಯಾದ ಸಂಬೋಧನೆಯೇ ಮೊದಲ ಬಂಡವಾಳ.